ಬಾಗಿಲ ಹಿಂದಿನ ಸೀಮೆಸುಣ್ಣ

ಜೂನ್ 3

ಮಾವ,

ಇಲ್ಲ, ನಾನು ಒಪ್ಪಲ್ಲ. "ಸಿಟ್ಟಲ್ಲಿ ಕೆಲಸ ಬಿಟ್ಟೋನು ಹಸಿವಲ್ಲಿ ವಾಪಸ್ ಬರ್ತಾನೆ" ಅಂತ ಬರೆದಿದೀರಲ್ಲ, ಆ ಸಾಲನ್ನ ಅಮ್ಮ ಎರಡು ಸಲ ಓದಿಸ್ಕೊಂಡ್ಲು. "ನೋಡೋ, ನನ್ನ ತಮ್ಮ ಮುತ್ತು ಪೋಣಿಸಿದ ಹಾಗೆ ಬರೀತಾನೆ" ಅಂತ ಬೇರೆ. ಮುತ್ತೇನೋ ನಿಮ್ಮದು ಸರಿ. ಅದನ್ನ ಹಾಕ್ಕೊಂಡು ಓಡಾಡಬೇಕಾದ ಕುತ್ತಿಗೆ ನಂದು.

ಕೆಲಸ ಹೇಗಿದೆ ಅಂತ ಕೇಳಿದ್ರಿ. ಹೇಳ್ತೀನಿ ಕೇಳಿ. ಹತ್ತನೇ ಕ್ಲಾಸು ಮುಗಿಸಿ ಸುಮ್ನೆ ಬೀದಿ ಸುತ್ತುತ್ತಿದ್ದೋನನ್ನ ನೀವೇ ಈ ಲಿಫ್ಟು ಕಂಪನಿಗೆ ಸೇರಿಸಿದ್ರಿ. ಮೊದಲನೇ ವರ್ಷ ನಿಮ್ಮ ಹಿಂದೆ ಟೂಲ್ ಬ್ಯಾಗ್ ಹೊತ್ತೆ. ಅದೇ ಚೆನ್ನಾಗಿತ್ತು. ಆಮೇಲೆ ಯಾವ ಪುಣ್ಯಾತ್ಮನಿಗೆ ನನ್ನ ಕಂಡ್ರೆ ಆಗಲಿಲ್ವೋ, ನನ್ನ ಎತ್ತಿ ವರ್ಕ್‌ಶಾಪಿನ ಮೂಲೆಗೆ ಹಾಕಿದ. ಎರಡು ವರ್ಷ ಬೇರಿಂಗನ್ನ ಸೀಮೆಎಣ್ಣೆಲಿ ತೊಳೆದೆ. ಅನ್ನ ಕಲಸಿದ್ರೂ ಸೀಮೆಎಣ್ಣೆ ವಾಸನೆ. ಮಾರ್ಚಲ್ಲಿ ನೀವು ರಿಟೈರಾಗಿ ಮಗಳ ಮನೆಗೆ ಹೋದ್ರಿ, ನಿಮ್ಮ ಹದಿನಾಲ್ಕು ಬಿಲ್ಡಿಂಗಿನ ಹದಿನಾಲ್ಕು ಲಿಫ್ಟು ನನಗೆ ಬಂತು. ಇನ್ನಾದ್ರೂ ಮನುಷ್ಯ ಆದೆ ಅಂದ್ಕೊಂಡೆ.

ಎರಡು ತಿಂಗಳಿಂದ ನಾನು ಮಾಡ್ತಿರೋದು ಏನು ಗೊತ್ತಾ? ಬಲ್ಬು ಬದಲಾಯಿಸೋದು. ಬಾಗಿಲು ಒರೆಸೋದು. ಮೇಲೆ ಮೋಟಾರ್ ರೂಮಿಗೆ ಹೋಗ್ಬರ್ತೀನಿ ಅಂದ್ರೆ ಮ್ಯಾನೇಜರ್ ಬೇಡ ಅಂತಾರೆ. "ನಿಮ್ಮ ಮಾವ ಎಲ್ಲ ಸರಿ ಇಟ್ಟು ಹೋಗಿದಾರಪ್ಪ, ಹಿರಿಯರ ಕೈಕೆಲಸ ಕೆದಕಬಾರದು." ನಾನು ಕೆಳಗೆ ನಿಂತು ಗುಂಡಿ ಒತ್ತಬೇಕು, ಲಿಫ್ಟು ಬಂದ್ರೆ ಸರಿ ಇದೆ ಅಂತ ಅರ್ಥ. ಇದಕ್ಕೆ ಮೆಕ್ಯಾನಿಕ್ ಯಾಕೆ, ಕೋತಿ ಸಾಕು.

ಅವರಿಗೆ "ನೋಡೋಣ ಸಾಹೇಬ್ರು" ಅಂತ ಹೆಸರಿಟ್ಟಿದ್ದು ನೀವೇ. ರಜ ಕೇಳಿದ್ರೆ ನೋಡೋಣ, ಗ್ರೀಸ್ ಮುಗೀತು ಅಂದ್ರೆ ನೋಡೋಣ. ಅವರ ಮನೆಗೆ ಬೆಂಕಿ ಬಿದ್ರೂ ಎದುರಿಗೆ ನಿಂತು ನೋಡೋಣ ಅಂತಾರೆ. ನನಗೆ ಇನ್ನು ನೋಡೋಕೆ ಆಗಲ್ಲ ಮಾವ. ಈ ತಿಂಗಳ ಕೊನೆಗೆ ಬಿಡ್ತೀನಿ.

ಇದನ್ನ ಫೋನಲ್ಲೇ ಹೇಳ್ತಿದ್ದೆ. ಮೋಟಾರ್ ಸದ್ದಿಗೆ ನಿಮ್ಮ ಕಿವಿ ಹೋಗಿ ವರ್ಷಗಳಾದ್ವು. ನಾನು ಇಲ್ಲಿ ಕೂಗೋದು, ನೀವು ಅಲ್ಲಿ "ಊಟ ಆಯ್ತು ಕಣೋ" ಅನ್ನೋದು. ಅದಕ್ಕೇ ಕಾಗದ.

ನೀವೇ ಇಟ್ಟ ಹೆಸರಿನ,
ಪಟಾಕಿ


ಜೂನ್ 10

ಪಟಾಕಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಬತ್ತಿ ಸಣ್ಣದು, ಸದ್ದು ದೊಡ್ಡದು. ಇರಲಿ, ವಯಸ್ಸು.

ಲಿಫ್ಟಿಂದ ಯಾವಾಗ ಇಳೀಬೇಕು ಅಂತ ನಿಂಗೆ ಹೇಳ್ಕೊಟ್ಟಿದ್ದೆ. ನೆಲಕ್ಕೆ ಸಮವಾಗಿ ನಿಂತ ಮೇಲೆ. ಎರಡು ಮಹಡಿ ಮಧ್ಯೆ ಬಾಗಿಲು ತೆಗೆದು ಹಾರೋನು ಹೆಡ್ಡ. ಕೆಲಸಾನೂ ಅಷ್ಟೇ. ಆಗಸ್ಟ್ ಒಂದಕ್ಕೆ ನಿನ್ನ ಕಾಯಂ ಕಾಗದ ಬರುತ್ತೆ. ಅದು ಕೈಗೆ ಬರಲಿ. ಆಮೇಲೆ ಸಿಟ್ಟಿಳಿದ ಮೇಲೂ ಬಿಡಬೇಕು ಅನ್ನಿಸಿದ್ರೆ ಬಿಡು, ನಾನು ಅಡ್ಡ ಬರಲ್ಲ. ಅಲ್ಲಿ ತನಕ ಸಾಹೇಬರು ಹೇಳಿದಷ್ಟು ಮಾಡು. ಅವರಿಗಿಂತ ಜಾಸ್ತಿ ತಿಳಿದೋನ ಹಾಗೆ ಆಡಬೇಡ. ಮೇಲೆ ಹತ್ತೋ ಉಸಾಬರಿ ಬೇಡ. ಕಾರ್ಡುಗಳ ವಿಷಯಕ್ಕೂ ತಲೆ ಹಾಕಬೇಡ, ಅದನ್ನ ಆಫೀಸಿನೋರು ನೋಡ್ಕೋತಾರೆ.

ಇಲ್ಲಿ ಎಲ್ಲ ಕ್ಷೇಮ. ಮೊಮ್ಮಗಳು ನನಗೆ ಜಡೆ ಹಾಕೋದು ಕಲಿಸ್ತಿದಾಳೆ. ಮೂರು ಎಳೆ ಹಗ್ಗ ಹೆಣೆದ ಕೈ, ಆದ್ರೂ ಬೈಸ್ಕೋತೀನಿ. ಅಕ್ಕನ ಆರೋಗ್ಯ ನೋಡ್ಕೋ.

ನಿನ್ನ ಮಾವ


ಜೂನ್ 17

ಮಾವ,

ಕಾರ್ಡಿನ ವಿಷಯ ನಾನು ಬರೆದೇ ಇರಲಿಲ್ಲವಲ್ಲ?

ನನ್ನ ಕಾಗದ ಇನ್ನೊಂದು ಸಲ ಓದಿ. ಬಲ್ಬು ಇದೆ, ಬಾಗಿಲಿದೆ, ಕೋತಿ ಇದೆ. ಕಾರ್ಡು ಎಲ್ಲೂ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.

ನಾನು ಇಷ್ಟು ದಿನ ಅದರ ಕಡೆ ನೋಡೇ ಇರಲಿಲ್ಲ. ಕಾಯಂ ಆಗದೋರು ಸೈನ್ ಹಾಕೋ ಹಾಗಿಲ್ಲ ಅಂತ ಸಾಹೇಬ್ರು ಅಂದಿದ್ರು, ಸುಮ್ನಿದ್ದೆ. ಲಿಫ್ಟೊಳಗೆ ಕಾರ್ಡು ಹಾಕಿರೋ ಫ್ರೇಮಿನ ಗಾಜಿನ ಮೇಲೆ ಜಿಡ್ಡು, ಬಾಡಿಗೆಗೆ ಮನೆ ಇದೆ ಅನ್ನೋ ಚೀಟಿ. ಲಿಫ್ಟಲ್ಲಿ ಜನ ನೋಡೋದು ಕನ್ನಡೀನ ಮಾತ್ರ. ನಿಮ್ಮ ಕಾಗದ ಬಂದ ಮಾರನೇ ದಿನ ಸ್ಕ್ರೂಡ್ರೈವರ್ ತಗೊಂಡು ಒಂದೊಂದೇ ಬಿಚ್ಚಿದೆ. ಕಾರ್ಡಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ. ಪ್ರತಿ ತಿಂಗಳೂ ಮೆಕ್ಯಾನಿಕ್ ಮೇಲೆ ಹತ್ತಿ, ಬ್ರೇಕು, ಹಗ್ಗ, ಮೋಟಾರ್ ನೋಡಿ, ಸರಿ ಇದ್ರೆ ಆ ತಿಂಗಳ ಮನೇಲಿ ತಾರೀಕು ಹಾಕಿ ಸೈನ್ ಮಾಡಬೇಕು. ನೀವು ಹೇಳ್ಕೊಟ್ಟಿದ್ದೇ.

ಹನ್ನೆರಡು ಮನೆಯೂ ತುಂಬಿದೆ. ಡಿಸೆಂಬರ್ ತನಕ. ಹದಿನಾಲ್ಕು ಕಾರ್ಡಲ್ಲೂ. ನೀವು ಅಲ್ಲಿ ಮೊಮ್ಮಗಳ ಜಡೆ ಹಾಕ್ತಾ ಕೂತಿದೀರಿ, ಇಲ್ಲಿ ಅಕ್ಟೋಬರ್ ಹನ್ನೆರಡನೇ ತಾರೀಕು ಲಿಫ್ಟು ನೋಡಿ ಸರಿ ಇದೆ ಅಂತ ಬರೆದಿದೀರಿ. ಅಕ್ಟೋಬರ್ ಇನ್ನೂ ಹುಟ್ಟೇ ಇಲ್ಲ ಮಾವ. ಅದಕ್ಕೆ ಆಗಲೇ ಜಾತಕ ಬರೆದಿಟ್ಟಿದೀರಿ.

ಅದರಲ್ಲೂ ಎಷ್ಟು ಅಚ್ಚುಕಟ್ಟು! ಒಂದು ತಿಂಗಳು ನೀಲಿ ಪೆನ್ನು, ಒಂದು ತಿಂಗಳು ಕಪ್ಪು, ನೋಡಿದೋರು ಬೇರೆ ಬೇರೆ ದಿನ ಹಾಕಿದ್ದು ಅನ್ಕೋಬೇಕು. ಆದ್ರೆ ಟೀ ಲೋಟ ಎಲ್ಲಿಡಬೇಕು ಅಂತ ಮರೆತಿರಿ. ಏಳು ಮಹಡಿ ಬಿಲ್ಡಿಂಗಿನ ಕಾರ್ಡಿನ ಮೂಲೇಲಿ ಅರ್ಧ ವೃತ್ತ ಕಲೆ ಇದೆ. ಇನ್ನರ್ಧ ಎಲ್ಲಿದೆ ಗೊತ್ತಾ? ಎರಡು ಬೀದಿ ಆಚೆ, ಆಸ್ಪತ್ರೆ ಹಿಂದಿನ ಬಿಲ್ಡಿಂಗಿನ ಕಾರ್ಡಲ್ಲಿ. ಎರಡನ್ನೂ ಪಕ್ಕ ಪಕ್ಕ ಇಟ್ಟೆ. ಲೋಟ ಪೂರ್ತಿ ಕೂತ್ಕೊಳ್ತು.

ಯಾಕೆ ಮಾವ? ಏನು ಕೊಟ್ರು ನಿಮಗೆ? ಇಲ್ಲ, ಬರೀ ಸೋಮಾರಿತನವಾ? ನನಗೆ ಮೊದಲನೇ ದಿನ ಏನು ಹೇಳಿದ್ರಿ ನೆನಪಿದೆಯಾ? "ಕಾರ್ಡು ಜನಕ್ಕೆ, ಬಾಗಿಲು ನಮಗೆ." ಮೇಲೆ ಹೋಗಿ ನಿಜವಾಗ್ಲೂ ಕೆಲಸ ಮಾಡಿದ ದಿನ ಮೋಟಾರ್ ರೂಮಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ತಾರೀಕು ಬರೀಬೇಕು, ಯಾರಿಗೂ ಕಾಣಲ್ಲ, ಅದಕ್ಕೇ ಅಲ್ಲಿ ಸುಳ್ಳು ಬರೀಬಾರದು ಅಂದ್ರಿ. ಹದಿನೇಳು ವರ್ಷದ ಹುಡುಗ ನಾನು, ಅದನ್ನ ಕೇಳಿ ಮೈಯೆಲ್ಲ ಝುಂ ಅಂದಿತ್ತು. ಈಗ ನಗು ಬರ್ತಿದೆ. ನಿಜ ಹೇಳಬೇಕಂದ್ರೆ ನಗು ಬರ್ತಿಲ್ಲ.

ಪಟಾಕಿ


ಜೂನ್ 24

ನಿನ್ನ ಕಾಗದ ತಲುಪಿತು.

ಏನು ಕೊಟ್ರು ಅಂತ ಕೇಳಿದೆ. ಮೂವತ್ತೊಂದು ವರ್ಷ ನಾನು ನೋಡಿದ ಲಿಫ್ಟಲ್ಲಿ ಒಬ್ಬರ ಉಗುರೂ ಮುರಿದಿಲ್ಲ. ನೀನು ಮೂರು ವರ್ಷದೋನು. ಕಾರ್ಡು ಎಲ್ಲ ಮೆಕ್ಯಾನಿಕ್ಕೂ ಮುಂಚೆ ತುಂಬಿಸ್ತಾರೆ, ಹೋಗಿ ಕೇಳು. ಪಟಾಕಿ ಅಂತ ಪ್ರೀತಿಯಿಂದ ಕರೆದ್ರೆ ಮನೆಗೇ ಬೆಂಕಿ ಇಡೋಕೆ ಬಂದೆ.

ಆಗಸ್ಟ್ ಒಂದರ ತನಕ ಬಾಯಿಗೆ ಬೀಗ ಹಾಕ್ಕೋ. ಈ ಕಾಗದ ಅಕ್ಕನಿಗೆ ಓದಿ ಹೇಳಬೇಡ.


ಜುಲೈ 9

ಮಾವ,

ಹದಿನೈದು ದಿನ ಬರೀಲಿಲ್ಲ. ಬರೆಯೋದಿಲ್ಲ ಅಂತಾನೇ ಇದ್ದೆ. ಅಮ್ಮ ದಿನಾ "ಮಾವನ ಕಾಗದ ಎಲ್ಲೋ" ಅಂತಾಳೆ. ಪೋಸ್ಟಲ್ಲಿ ಕಳೆದುಹೋಗಿರಬೇಕು ಅಂತ ಸುಳ್ಳು ಹೇಳಿದೆ. ನೋಡಿ, ನಿಮ್ಮಿಂದ ಕಲಿತ ವಿದ್ಯೆ.

ಶುಕ್ರವಾರ ಬೆಳಿಗ್ಗೆ ಏಳು ಮಹಡಿ ಬಿಲ್ಡಿಂಗಿಂದ ಕರೆ ಬಂತು. ಆರನೇ ಮಹಡಿಯ ಟೈಲರಮ್ಮ ಗೊತ್ತಲ್ಲ, ಎಲ್ಲರನ್ನೂ ರಾಜ ರಾಜ ಅಂತ ಕರೀತಾರೆ, ಕುತ್ತಿಗೆಗೆ ಯಾವಾಗಲೂ ಟೇಪು. ಅವರು ಒಬ್ಬರೇ ಒಳಗಿದ್ರು. ಲಿಫ್ಟು ಆರಕ್ಕೆ ಬಂದು ನಿಂತಿದೆ, ಬಾಗಿಲು ತೆಗೆಯೋ ಅಷ್ಟರಲ್ಲಿ ಜಾರಿದೆ. ಅರ್ಧ ಮಹಡಿ ಜಾರಿ ನಿಂತಿದೆ. ಅವರು ಒಂದು ಕಾಲು ಆಗಲೇ ಎತ್ತಿದ್ರಂತೆ ಮಾವ. ಇನ್ನೊಂದು ಕ್ಷಣ ಮುಂಚೆ ಹೊರಗಿಟ್ಟಿದ್ರೆ ಏನಾಗ್ತಿತ್ತು ಅಂತ ನಾನು ಬರೆಯಲ್ಲ. ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೇಲಿಂದ ಸ್ಟೂಲು ಇಳಿಸಿ, ಕೈ ಹಿಡಿದು ಎಳೆದುಕೊಂಡೆ. ಹೊರಗೆ ಬಂದು ನೆಲದ ಮೇಲೆ ಕೂತು, ಉಸಿರು ತಗೊಂಡು, "ರಾಜಾ, ನಿಮ್ಮ ಲಿಫ್ಟಿಗೆ ನನ್ನ ಮೊಣಕಾಲಿಗಿಂತ ವಯಸ್ಸಾಗಿದೆ" ಅಂದ್ರು. ಅಷ್ಟು ಹೇಳಿ ನಕ್ಕರು. ಆಮೇಲೆ ಹಿಡ್ಕೊಂಡಿದ್ದ ಕೋಟಿನ ಗುಂಡಿಗಳನ್ನ ಒಂದೊಂದಾಗಿ ಎಣಿಸಿ ನೋಡಿದ್ರು.

ಯಾರನ್ನೂ ಕೇಳದೆ ಮೇಲೆ ಹತ್ತಿದೆ. ಬೀಗ ತುಕ್ಕು ಹಿಡಿದಿತ್ತು, ಒಡೆದೆ. ಬ್ರೇಕಿನ ಲೈನಿಂಗು ಪಟ್ಟಿ ಸವೆದು ಸವೆದು ಅದನ್ನ ಹಿಡಿದಿದ್ದ ರಿವೆಟ್ಟು ಹೊರಗೆ ಬಂದಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕನ್ನಡಿ ಥರ ಹೊಳೀತಿದೆ. ಆಮೇಲೆ ಬಾಗಿಲು ತಿರುಗಿಸಿ ಹಿಂದೆ ನೋಡಿದೆ.

ನಿಮ್ಮ ಅಕ್ಷರ. ಸಾಲಾಗಿ ತಾರೀಕುಗಳು, ತಿಂಗಳಿಗೊಂದು, ವರ್ಷಗಟ್ಟಲೆ. ಕೊನೇದು ಎರಡು ವರ್ಷದ ಹಿಂದಿನ ಏಪ್ರಿಲ್. ಆಮೇಲೆ ಬರೀ ಹಲಗೆ.

ಅವತ್ತೂ ಮಾರನೇ ದಿನವೂ ಹದಿನಾಲ್ಕೂ ಬಿಲ್ಡಿಂಗ್ ಹತ್ತಿದೆ. ಮೂರು ಮಹಡಿ ಇರೋ ಆರು ಕಡೆ ನಿಮ್ಮ ಸೀಮೆಸುಣ್ಣ ಈ ಮಾರ್ಚ್ ತನಕ ಇದೆ, ಒಂದು ತಿಂಗಳೂ ತಪ್ಪಿಲ್ಲ. ನಾಲ್ಕಕ್ಕಿಂತ ಮೇಲಿರೋ ಎಂಟು ಕಡೆ ಎಲ್ಲ ಒಂದೇ ತಿಂಗಳಿಗೆ ನಿಂತಿದೆ. ಅದೇ ಏಪ್ರಿಲ್. ಎಂಟನೇ ಬಾಗಿಲ ಹಿಂದೆ ನಿಂತಾಗ ನನ್ನ ಮಂದ ತಲೆಗೆ ಹೊಳೀತು. ಸೋಮಾರಿ ಆಗಿದ್ರೆ ಎಲ್ಲ ಕಡೆ ಸೋಮಾರಿ ಆಗ್ತಿದ್ರಿ. ನಿಮ್ಮ ಮೊಣಕಾಲು. ಲಿಫ್ಟು ರಿಪೇರಿ ಮಾಡೋನು ಲಿಫ್ಟಲ್ಲಿ ಹೋಗೋ ಹಾಗಿಲ್ಲ, ಅದನ್ನ ನಿಲ್ಲಿಸಿ ಮೆಟ್ಟಿಲು ಹತ್ತಬೇಕು. ನಮ್ಮ ಮನೆಗೆ ಬಂದಾಗೆಲ್ಲ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ತಿದ್ರಿ. ಎರಡೆರಡು ಸಲ ಕಟ್ತಿದ್ರಿ, ಕಾಲಿಗೆ ಬಿಡುವು ಕೊಡೋಕೆ.

ಪಾಪ ಅನ್ನಿಸ್ತು. ಒಂದು ಗಂಟೆ ಅನ್ನಿಸ್ತು. ಆಮೇಲೆ ಆ ಏಪ್ರಿಲ್ ಯಾವ ಏಪ್ರಿಲ್ ಅಂತ ನೆನಪಾಯ್ತು.

ನನ್ನ ವರ್ಕ್‌ಶಾಪಿಗೆ ಹಾಕಿದ ಏಪ್ರಿಲ್.

ಹೋಗಿ ನೋಡೋಣ ಸಾಹೇಬ್ರನ್ನ ಕೇಳಿದೆ. "ಅಯ್ಯೋ, ನಿಮ್ಮ ಮಾವನೇ ಬಂದು ಕೇಳ್ಕೊಂಡ್ರಲ್ಲಪ್ಪ. ಹುಡುಗ ದುಡುಕ, ಮೇಲೆಲ್ಲ ಬೇಡ, ಕೆಳಗಿರ್ಲಿ ಅಂದ್ರು" ಅಂತ ನಕ್ಕರು.

ದುಡುಕ! ಮಾವ, ಆ ಎರಡು ವರ್ಷ ನಾನೇ ಕೈಲಾಗದೋನು, ಅದಕ್ಕೇ ಮೂಲೆಗೆ ಹಾಕಿದಾರೆ ಅಂತ ನಂಬಿದ್ದೆ. ನಿಮ್ಮ ಹತ್ರಾನೇ ಬಂದು ಅತ್ತಿದ್ದೆ. ಅವತ್ತು ಬೆನ್ನು ಸವರಿ ಏನಂದ್ರಿ? "ತಾಳಿದವನು ಬಾಳಿಯಾನು." ತಾಳಿದ್ದು ನಾನು. ಬಾಳಿದ್ದು ಯಾರು?

ಈಗ ಕೇಳಿ, ಮುಖ್ಯವಾದ್ದು ಇದು. ಕಾಯಂ ಕಾಗದ ಆಗಲೇ ರೆಡಿ ಇದೆ. ಸಾಹೇಬ್ರು ಡ್ರಾಯರ್ ತೆಗೆದು ತೋರಿಸಿದ್ರು. ಕಾರ್ಡು ಎಲ್ಲಿತ್ತೋ ಅಲ್ಲೇ ಇಟ್ಟು, ಬ್ರೇಕನ್ನ ಸ್ವಲ್ಪ ಬಿಗಿ ಮಾಡಿ ಲಿಫ್ಟು ಓಡಿಸಿದ್ರೆ ಆಗಸ್ಟ್ ತನಕ ಕಾಯೋದೂ ಬೇಡವಂತೆ. "ಸೈನು ನಿಮ್ಮ ಮಾವಂದು. ಏನಾದ್ರೂ ಆದ್ರೆ ಹೋದೋರ ತಲೆ ಮೇಲೆ ಹೋಗುತ್ತೆ. ನಿಂಗೇನಪ್ಪ ಕಷ್ಟ?" ಅಂದ್ರು. ನಿಮ್ಮ ಬಗ್ಗೆ ಹೀಗೆ ಮಾತಾಡೋರ ಹತ್ರ ನೀವು ನನ್ನ ಬಾಯಿಗೆ ಬೀಗ ಹಾಕ್ಕೋ ಅಂತೀರಿ.

ಲೈನಿಂಗು ಬರಬೇಕು, ಹತ್ತು ದಿನ ಬೇಕು ಅಂತ ಹೇಳಿ ಲಿಫ್ಟು ನಿಲ್ಲಿಸಿದೀನಿ. ಮತ್ತೆ ಯಾರೂ ಓಡಿಸಬಾರದು ಅಂತ ಫ್ಯೂಸು ಕಿತ್ತು ಜೇಬಲ್ಲಿ ಇಟ್ಕೊಂಡಿದೀನಿ. ಕಾರ್ಡನ್ನ ಸರ್ಕಾರದ ಲಿಫ್ಟು ತಪಾಸಣೆ ಕಚೇರಿಗೆ ತೋರಿಸಿದ್ರೆ ಸಿಕ್ಕಿಹಾಕ್ಕೊಳ್ಳೋದು ನೀವು. ತೋರಿಸದೆ ಇದ್ರೆ ಎಂಟು ಬಿಲ್ಡಿಂಗಿನ ಜನ ಅದೇ ಲಿಫ್ಟಲ್ಲಿ ಓಡಾಡ್ತಾರೆ. ನಾನು ಬರೀ ಬಿಟ್ಟು ಹೋದ್ರೆ ಇನ್ನೊಬ್ಬ ಕೋತಿ ಬಂದು ಗುಂಡಿ ಒತ್ತುತ್ತಾನೆ.

ಇದಕ್ಕೆ ಒಂದು ಮುತ್ತು ಪೋಣಿಸಿ ಕಳಿಸಿ ನೋಡೋಣ.


ಜುಲೈ 14

ಮಗಾ,

ಅವರು ಏನೂ ಕೊಡಲಿಲ್ಲ.

ಆ ಏಪ್ರಿಲಲ್ಲಿ ಒಂದು ದಿನ ಏಳು ಮಹಡಿ ಹತ್ತುವಾಗ ನಾಲ್ಕನೇದರಲ್ಲಿ ಕೂತೆ, ಏಳೋಕೆ ಆಗಲಿಲ್ಲ. ವಾಚ್‌ಮನ್ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದ. ಯಾರಿಗೂ ಹೇಳಬೇಡಪ್ಪ ಅಂತ ಅವನ ಕೈ ಹಿಡ್ಕೊಂಡೆ. ನೀನು ಅವತ್ತು ಜ್ವರ ಅಂತ ಬಂದಿರಲಿಲ್ಲ. ಅವತ್ತೇ ಕೆಲಸ ಬಿಡಬೇಕಿತ್ತು. ಹುಡುಗ ಕಾಯಂ ಆಗಲಿ, ಅಲ್ಲಿ ತನಕ ಅಂದ್ಕೊಂಡೆ. ಅದನ್ನೇ ಎರಡು ವರ್ಷ ನಂಬಿದೆ. ಈಗ ಬರೆಯೋಕೆ ಕೂತ ಮೇಲೆ ಅದು ನೆಪ ಅಂತ ಕಾಣ್ತಿದೆ. ಮೆಕ್ಯಾನಿಕ್ ಅಲ್ಲದ ನಾನು ಯಾರು ಅಂತ ನಂಗೆ ಗೊತ್ತಿರಲಿಲ್ಲ, ಅಷ್ಟೇ.

ನಿನ್ನ ಜೊತೆಗೆ ಇಟ್ಕೊಂಡಿದ್ರೆ ನೀನೇ ಮೇಲೆ ಹತ್ತುತ್ತಿದ್ದೆ, ಎಲ್ಲ ಸರಿ ಹೋಗ್ತಿತ್ತು. ಅದನ್ನೂ ಯೋಚಿಸಿದ್ದೆ. ಆದ್ರೆ ನೀನು ಕೆಳಗೆ ಇಳಿದು ಬಂದು "ಮಾವ, ನೀವ್ಯಾಕೆ ಬರಲಿಲ್ಲ" ಅಂತ ಕೇಳ್ತಿದ್ದೆ. ಆ ಒಂದು ಮಾತಿಗೆ ಹೆದರಿ ನಿನ್ನ ಎರಡು ವರ್ಷ ಸೀಮೆಎಣ್ಣೆಲಿ ಅದ್ದಿಟ್ಟೆ.

ಕಾರ್ಡಿನ ಸುಳ್ಳು ಸುಲಭವಾಗಿತ್ತು. ಈ ಸಲ ರಿಟೈರ್ ಆಗೋಕೆ ಮುಂಚೆ ಡಿಸೆಂಬರ್ ತನಕ ತುಂಬಿಸಿಕೊಡಿ ಅಂತ ಸಾಹೇಬ್ರು ಕೇಳಿದಾಗ ಬೇಡ ಅನ್ನೋ ಬಾಯಿ ಉಳಿದಿರಲಿಲ್ಲ. ಬಾಗಿಲ ಹಿಂದೆ ಬರೆಯೋಕೆ ಮಾತ್ರ ಆಗಲಿಲ್ಲ. ಸೀಮೆಸುಣ್ಣದ ಚೂರು ಇವತ್ತೂ ನನ್ನ ಅಂಗಿ ಜೇಬಲ್ಲಿದೆ. ಮಗಳು ಬಟ್ಟೆ ಒಗೆಯುವಾಗ ಬೈತಾಳೆ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಎಂಟು ಬಿಲ್ಡಿಂಗಿನ ವಿಳಾಸ, ಯಾವಾಗಿಂದ ನಾನು ಹತ್ತಿಲ್ಲ, ಯಾರು ಕಾರ್ಡು ತುಂಬಿಸೋಕೆ ಹೇಳಿದ್ರು, ಎಲ್ಲ ಬರೆದು ಸೈನ್ ಮಾಡಿದೀನಿ. ಈ ಸೈನಿಗೆ ಇವತ್ತಿನ ತಾರೀಕೇ ಹಾಕಿದೀನಿ. ಕಚೇರಿಗೆ ಕೊಡು.

ಕಾಯಂ ಕಾಗದ ತಗೋ, ಬಿಡು, ನಾನು ಹೇಳಲ್ಲ. ಹೇಳೋ ಯೋಗ್ಯತೆ ಕಳ್ಕೊಂಡೆ.

ಒಂದು ಮಾತು ಮಾತ್ರ. ಬ್ರೇಕು ಬಿಚ್ಚೋಕೆ ಮುಂಚೆ ಲಿಫ್ಟಿಗೆ ಎದುರಾಗಿ ತೂಗೋ ತೂಕದ ಕಡೆ ಸರಪಳಿ ಹಾಕಿ ಕಟ್ಟು. ಕಟ್ಟಿದ ಮೇಲೆ ಕೈಯಲ್ಲಿ ಎಳೆದು ನೋಡು. ಇನ್ನೊಂದು ಸಲ ಎಳೆದು ನೋಡು.

ಮಾವ


ಜುಲೈ 20

ಮಾವ,

ಎರಡು ಸಲ ಎಳೆದು ನೋಡಿದೆ.

ಇದನ್ನ ಬರೀತಿರೋದು ಏಳು ಮಹಡಿ ಬಿಲ್ಡಿಂಗಿನ ಟೆರೇಸಿಗೆ ಹೋಗೋ ಮೆಟ್ಟಿಲ ಮೇಲೆ ಕೂತು. ಟೈಲರಮ್ಮ ಬಟ್ಟೆ ಮಾದರಿ ಕತ್ತರಿಸೋ ಕಾಗದ ಕೊಟ್ರು, ಅದಕ್ಕೇ ಇಷ್ಟು ದಪ್ಪ.

ನಿಮ್ಮ ಹಾಳೆ, ಹದಿನಾಲ್ಕು ಕಾರ್ಡು, ಎಲ್ಲ ಗುರುವಾರ ತಪಾಸಣೆ ಕಚೇರಿಗೆ ಕೊಟ್ಟೆ. ಟೀ ಲೋಟದ ಕಲೆ ಜೋಡಿಸಿ ತೋರಿಸಿದಾಗ ಅಲ್ಲಿನ ಗುಮಾಸ್ತ ನಗಬೇಕೋ ಬೇಡವೋ ಅಂತ ನನ್ನ ಮುಖ ನೋಡಿದ. ನಾನು ನಗಲಿಲ್ಲ. ಶುಕ್ರವಾರ ಇಬ್ಬರು ಬಂದು ಎಂಟೂ ಲಿಫ್ಟು ನಿಲ್ಲಿಸಿದ್ರು. ನಿಮಗೆ ನೋಟೀಸ್ ಬರುತ್ತೆ. ವಿಚಾರಣೆ ದಿನ ನಾನು ಬಂದು ನಿಮ್ಮ ಪಕ್ಕ ಕೂರ್ತೀನಿ. ಕೂರ್ತೀನಿ ಅಷ್ಟೇ, ಮಾತಾಡಲ್ಲ. ನಾನಿನ್ನೂ ಸಿಟ್ಟಲ್ಲೇ ಇದೀನಿ.

ಲೈನಿಂಗು ಎಲ್ಲಿತ್ತು ಗೊತ್ತಾ? ವರ್ಕ್‌ಶಾಪಿನ ಅಟ್ಟದ ಮೇಲೆ. ಹೊಸದು, ಒಂಬತ್ತು ಜೊತೆ. ಎರಡು ವರ್ಷ ಆ ಪೆಟ್ಟಿಗೆ ಧೂಳು ಹೊಡೆದೋನು ನಾನೇ, ಒಳಗೇನಿದೆ ಅಂತ ತೆಗೆದು ನೋಡಿರಲಿಲ್ಲ. ಮೇಲೆ ಯಾರೂ ಹತ್ತದೆ ಇದ್ದಿದ್ರಿಂದ ಬೇಕು ಅಂತ ಕೇಳೋರೂ ಇರಲಿಲ್ಲ. ಇದನ್ನ ನೆನೆಸಿಕೊಂಡ್ರೆ ನಿಮ್ಮ ಮೇಲೆ, ಸಾಹೇಬ್ರ ಮೇಲೆ, ನನ್ನ ಮೇಲೆ, ಎಲ್ಲರ ಮೇಲೂ ಕೈ ಮಾಡಬೇಕು ಅನ್ನಿಸುತ್ತೆ.

ಕಚೇರಿಯವರ ಎದುರಿಗೇ ನಿನ್ನೆ ಲೈನಿಂಗು ಹಾಕಿದೆ. ಮರಳು ಮೂಟೆ ತುಂಬಿ ಹತ್ತು ಸಲ ಓಡಿಸಿದ್ವಿ. ಪ್ರತಿ ಮಹಡೀಲೂ ನೆಲಕ್ಕೆ ಸಮವಾಗಿ ನಿಂತಿತು. ಫ್ಯೂಸು ಅವರ ಕೈಗೇ ಕೊಟ್ಟೆ, ಓಡಿಸೋ ದಿನ ಅವರೇ ಹೇಳ್ತಾರೆ. ಮಿಕ್ಕ ಏಳನ್ನ ಬೇರೆ ಕಂಪನಿಯೋರಿಂದ ಮಾಡಿಸ್ತಾರಂತೆ.

ಇವತ್ತು ಬೆಳಿಗ್ಗೆ ಸಾಹೇಬ್ರ ರೂಮಿಗೆ ಹೋದೆ. ಕಾಯಂ ಕಾಗದ ಮೇಜಿನ ಮೇಲೆ ಇತ್ತು.

"ಎಂಥ ಅಳಿಯನಪ್ಪ ನೀನು. ಮಾವನಿಗೇ ಗುಂಡಿ ತೋಡಿದೆಯಲ್ಲ" ಅಂದ್ರು.

"ಅವರೇ ತೋಡ್ಕೊಂಡು, ನಿಮಗೂ ಜಾಗ ಬಿಟ್ಟಿದಾರೆ. ಹಾಳೆ ಕೊನೇಲಿ ನಿಮ್ಮ ಹೆಸರಿದೆ" ಅಂದೆ.

ಮುಖ ಸುಣ್ಣ ಆಯ್ತು. ಆಮೇಲೆ ದನಿ ತಗ್ಗಿಸಿ ಹೇಳ್ತಾರೆ: "ಈಗಲೂ ಏನೂ ಆಗಿಲ್ಲ. ಸಿಟ್ಟಲ್ಲಿ ನಿರ್ಧಾರ ಮಾಡಬೇಡ. ಕಾಗದ ತಗೊಂಡು ಕೆಲಸ ಮಾಡು. ಕಚೇರಿಯವರ ಹತ್ರ ಒಂದು ಮಾತು ಸ್ವಲ್ಪ ತಿರುಗಿಸಿ ಹೇಳು. ಏನಂತೀಯ?"

ನಾನು ಏನಂದೆ ಹೇಳಿ? "ನೋಡೋಣ" ಅಂದೆ. ಅಂದು, ವರ್ಕ್‌ಶಾಪಿನ ಬೀಗದ ಕೈ ಆ ಕಾಗದದ ಮೇಲೆ ಇಟ್ಟು ಬಂದೆ.

ಸಿಟ್ಟಿಳಿದ ಮೇಲೂ ಅನ್ನಿಸಿದ್ರೆ ಬಿಡು ಅಂತ ಬರೆದಿದ್ರಿ. ಇಳಿಯೋ ತನಕ ಕಾದ್ರೆ ನಾನು ನೀವಾಗ್ತೀನಿ. ನಿಮಗೂ ಆ ಏಪ್ರಿಲಲ್ಲಿ ಸಿಟ್ಟು ಬಂದಿರಬೇಕು, ಮೊಣಕಾಲಿನ ಮೇಲೋ, ಮೆಟ್ಟಿಲ ಮೇಲೋ. ಅದನ್ನ ನುಂಗಿದ್ರಿ. ನುಂಗಿದ್ದು ಹದಿನಾಲ್ಕು ಕಾರ್ಡಲ್ಲಿ ಹೊರಗೆ ಬಂತು. ಮುಂದೆ ಏನು ಅಂತ ಕೇಳಬೇಡಿ, ಗೊತ್ತಿಲ್ಲ. ಅಮ್ಮನಿಗೆ ಎಲ್ಲ ಕಾಗದಗಳನ್ನೂ ಓದಿ ಹೇಳಿದೆ. ಜೂನ್ ಇಪ್ಪತ್ನಾಲ್ಕರದ್ದೂ. ಎಲ್ಲ ಕೇಳಿ, "ಅವನ ಕಾಲಿಗೆ ಎಣ್ಣೆ ಯಾರು ಹಚ್ತಾರೋ" ಅಂದ್ಲು. ಅಷ್ಟೇ. ನಂಗೆ ಅದಕ್ಕೂ ಸಿಟ್ಟು ಬಂತು.

ಟೂಲ್ ಬ್ಯಾಗ್ ತಗೊಳ್ಳೋಕೆ ಈಗ ಮೇಲೆ ಬಂದಿದ್ದೆ. ಟೈಲರಮ್ಮನ ಹತ್ರ ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ಒಂದು ಚೂರು ಇಸ್ಕೊಂಡೆ. ಬಾಗಿಲ ಹಿಂದೆ ನಿಮ್ಮ ಕೊನೇ ತಾರೀಕಿನ ಕೆಳಗೆ, ಎರಡು ವರ್ಷಕ್ಕಾಗೋ ಅಷ್ಟು ಜಾಗ ಖಾಲಿ ಬಿಟ್ಟು, ಲೈನಿಂಗು ಹಾಕಿದ ನಿನ್ನೆ ತಾರೀಕು ಬರೆದೆ. ಮೋಟಾರಿಗೆ ಒಂದು ಸಲ ಬಟ್ಟೆ ಹೊಡೆದೆ. ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಗೆ ಬಂದೆ.

ಆ ಬಾಗಿಲು ಎಳೆದ್ರೆ ಕೂರಲ್ಲ, ನಿಮಗೆ ಗೊತ್ತಲ್ಲ. ಹಿಡಿಕೆ ಹಿಡಿದು ಸ್ವಲ್ಪ ಮೇಲೆತ್ತಿ, ಮೊಣಕಾಲಲ್ಲಿ ಒತ್ತಬೇಕು. ಎತ್ತಿದೆ. ಒತ್ತಿದೆ. ಚಿಲಕ ಬಿತ್ತು.